ಕುಲುಮೆ ಹೂಡಬಯಸುವವರಿಗೆ ಒಂದು ಬಹಿರಂಗ ಪತ್ರ

ದಿಬ್ಬೂರಹಳ್ಳಿಯಲ್ಲಿಯೂ ಸುತ್ತಲ ಗ್ರಾಮಗಳಲ್ಲಿಯೂ ಗುಜರಿಯ ಕಬ್ಬಿಣದಿಂದ ಚಾಕು, ಮಚ್ಚು, ಕುಡುಗೋಲುಗಳನ್ನು ಬಡಿದು ಜೀವನೋಪಾಯ ಕಂಡುಕೊಳ್ಳಬೇಕೆಂದಿರುವ ತಮ್ಮಂದಿರಿಗೆ ಮತ್ತು ತಂಗಿಯರಿಗೆ,



ನಿಮ್ಮಲ್ಲಿ ಕೆಲವರು ಬೆಂಗಳೂರಿನ ಕಾರ್ಖಾನೆಗಳ ಗುತ್ತಿಗೆ ಕೆಲಸವನ್ನು ಬಿಟ್ಟು ಊರಿಗೆ ಮರಳಿರುವಿರೆಂದೂ, ಮತ್ತೆ ಕೆಲವರು ಐ.ಟಿ.ಐ. ಮುಗಿಸಿ ತಕ್ಕ ಕೆಲಸ ದೊರೆಯದೆ ಮನೆಯ ರೇಷ್ಮೆಹುಳುಸಾಕಣೆಗೆ ಕೈಜೋಡಿಸಿಕೊಂಡು ಕಾಲ ನೂಕುತ್ತಿರುವಿರೆಂದೂ, ಈ ಎರಡು ಬಗೆಯವರೂ ಕೂಡಿ ಲಾರಿಯ ಹಳೆಯ ಕಮಾನುಪಟ್ಟಿಗಳನ್ನು ತೂಕದ ಲೆಕ್ಕದಲ್ಲಿ ಕೊಂಡು, ಅವನ್ನು ಕಾಯಿಸಿ ಬಡಿದು ಚಾಕುಗಳನ್ನಾಗಿ ಮಾಡಿ ಮಾರುವ ಸಂಕಲ್ಪ ಮಾಡಿರುವಿರೆಂದೂ ಕೇಳಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬನು. ನಾನು ಕಮ್ಮಾರನಲ್ಲ, ಆ ವಿದ್ಯೆಯನ್ನು ಉಪದೇಶಿಸುವ ಅಧಿಕಾರ ನನಗಿಲ್ಲ. ಆದರೆ ಹಿಪ್ಪುನೇರಳೆಯ ತೋಟವನ್ನು ನಂಬಿ ಬದುಕಿದವನಾದ್ದರಿಂದ ಆಯುಷ್ಯದುದ್ದಕ್ಕೂ ಕಮ್ಮಾರರ ಗಿರಾಕಿಯಾಗಿ, ಕುಲುಮೆಯ ಮುಂದಿನ ಕಲ್ಲಿನ ಮೇಲೆ ಕುಳಿತು ನನ್ನ ಸರದಿಗಾಗಿ ಕಾದವನು. ಗಿರಾಕಿಯ ಬಾಯಲ್ಲಿ ಬರುವ ಮಾತು ಕಸುಬಿಗೆ ಇಳಿಯುವವನ ಕಿವಿಗೆ ಮೊದಲೇ ಬಿದ್ದರೆ ಲಾಭವೇ ಹೊರತು ನಷ್ಟವಿಲ್ಲವೆಂಬ ಧೈರ್ಯದಿಂದ, ಮತ್ತು ಒಬ್ಬೊಬ್ಬರನ್ನೇ ಕರೆದು ಹೇಳಿದರೆ ಮುದುಕನ ಕೊರೆತವೆಂದು ಜಾರಿಕೊಳ್ಳುವಿರೆಂಬ ಅನುಮಾನದಿಂದ, ಎಲ್ಲರಿಗೂ ಸೇರಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನಗೆ ಹೇಳಬೇಕಾಗಿರುವುದು ಒಂದೇ ವಿಷಯ: ನೀವು ಮಾರಲಿರುವುದು ಕಬ್ಬಿಣವನ್ನಲ್ಲ, ಆಕಾರವನ್ನೂ ಅಲ್ಲ, ಹದವನ್ನು. ಕಬ್ಬಿಣ ಗುಜರಿಯವನಲ್ಲಿ ಎಷ್ಟು ಬೇಕಾದರೂ ಸಿಕ್ಕುತ್ತದೆ, ಆಕಾರವನ್ನು ನಗರದ ಯಂತ್ರವು ನಿಮಗಿಂತ ಅಂದವಾಗಿಯೂ ಅಗ್ಗವಾಗಿಯೂ ಕೊಯ್ದು ಕೊಡುತ್ತದೆ. ಇಂಥ ತೋಟದಲ್ಲಿ ಇಂಥ ಕಡ್ಡಿಯನ್ನು ಕೊಯ್ಯುವ ಇಂಥ ಕೈಗೆ ಎಷ್ಟು ಗಡಸು ಬೇಕು, ಎಷ್ಟು ಬಾಗು ಬೇಕು ಎಂಬುದನ್ನು ಅರಿತು ಅಲಗಿಗೆ ಹದ ಕೊಡುವುದೊಂದು ಮಾತ್ರ ಯಂತ್ರಕ್ಕೂ ಬಾರದು, ದೂರದ ವ್ಯಾಪಾರಿಗೂ ಬಾರದು.

ಈ ಕಾರ್ಯವು ನಮ್ಮ ಸೀಮೆಗೆ ಹೊಸದೆಂದು ಯಾರೂ ಭಾವಿಸಬೇಕಾದುದಿಲ್ಲ. 1800ನೆಯ ಇಸವಿಯಲ್ಲಿ, ಎಂದರೆ ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ, ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯ ಮೇರೆಗೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಮಳೆಗಾಲದ ತೊರೆಗಳು ಕೊಚ್ಚಿ ತರುವ ಕಪ್ಪು ಮರಳನ್ನು ಇಲ್ಲಿಯ ಜನ ಇದ್ದಲೊಡನೆ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದ ಬಗೆಯನ್ನೂ, ಆ ಕಬ್ಬಿಣದ ತುಂಡುಗಳನ್ನು ತಂಗಡಿಯ ಕಡ್ಡಿಯೊಡನೆಯೂ ಹಸುರೆಲೆಗಳೊಡನೆಯೂ ಮಣ್ಣಿನ ಮೂಸೆಗಳಲ್ಲಿಟ್ಟು ಬಾಯಿ ಮೆತ್ತಿ ಕಾಯಿಸಿ ಉಕ್ಕು ಮಾಡುತ್ತಿದ್ದ ಬಗೆಯನ್ನೂ ವಿವರವಾಗಿ ಬರೆದಿಟ್ಟನು. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಅದನ್ನು ಇಂದಿಗೂ ಓದಬಹುದು. ನಮ್ಮ ರಸ್ತೆಗಳ ಇಕ್ಕೆಲದಲ್ಲಿಯೂ ಹಳದಿ ಹೂ ಬಿಟ್ಟು ನಿಲ್ಲುವ, ದನವೂ ಬಾಯಿಡದ ಆ ತಂಗಡಿಯ ಗಿಡವೇ ಮೂಸೆಯೊಳಗೆ ಸುಟ್ಟು ಇಂಗಾಲವಾಗಿ ಮೆದು ಕಬ್ಬಿಣದೊಳಕ್ಕೆ ಸೇರಿ ಅದನ್ನು ಉಕ್ಕನ್ನಾಗಿ ಮಾಡುತ್ತಿತ್ತೆಂದರೆ ಯಾರಿಗೆ ಆಶ್ಚರ್ಯವಾಗದು? ದಕ್ಷಿಣ ದೇಶದ ಈ ಮೂಸೆಯುಕ್ಕಿನ ರಹಸ್ಯವನ್ನು ಭೇದಿಸಬೇಕೆಂದು ಇಂಗ್ಲೆಂಡಿನಲ್ಲಿ ಎಷ್ಟೋ ಮಂದಿ ಪ್ರಯತ್ನಪಟ್ಟರು. ಕಮ್ಮಾರನ ಮಗನೇ ಆಗಿದ್ದ ಮೈಕೇಲ್ ಫ್ಯಾರಡೆ, ವಿದ್ಯುತ್ತಿನ ಪರಿಶೋಧನೆಗಳಿಂದ ಲೋಕವಿಖ್ಯಾತನಾಗುವುದಕ್ಕೆ ಮುಂಚೆಯೇ, 1819ರಲ್ಲಿ ಈ ಉಕ್ಕಿನ ಪೃಥಕ್ಕರಣ ಮಾಡಿ ಪ್ರಕಟಿಸಿದನು. ಬಳಿಕ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಿಸುವವನೊಡನೆ ಕೂಡಿ ಅದನ್ನು ಅನುಕರಿಸಲು ಶ್ರಮಿಸಿದನು. ಆ ಮಹಾಮತಿಯೂ ಇದರ ಗುಣಕ್ಕೆ ಅಲ್ಯೂಮಿನ ಮೊದಲಾದವು ಕಾರಣವೆಂದು ಊಹಿಸಿದನೇ ಹೊರತು ಇಂಗಾಲದ ಮಹಿಮೆಯನ್ನು ಗುರುತಿಸಲಿಲ್ಲ.

ಅನಂತರದ ಕಥೆ ಸಂಕ್ಷೇಪವಾದುದು. ಹಡಗಿನಲ್ಲಿ ಬಂದ ಸೀಮೆಕಬ್ಬಿಣದ ಅಗ್ಗದ ಮುಂದೆ ಮೂಸೆಗಳು ಆರಿದುವು. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಛಲದಿಂದ 1923ರಲ್ಲಿ ಭದ್ರಾವತಿಯ ಕಾರ್ಖಾನೆ ಇದ್ದಲಿನ ಬೆಂಕಿಯಲ್ಲಿಯೇ ಕಬ್ಬಿಣ ಕರಗಿಸತೊಡಗಿದರೂ, ಹಳ್ಳಿಯ ಕಮ್ಮಾರನು ಅಷ್ಟು ಹೊತ್ತಿಗಾಗಲೇ ಅದಿರನ್ನು ಮರೆತು, ಕೈಗೆ ಸಿಕ್ಕ ಹಳೆಯ ಲೋಹವನ್ನೇ ತನ್ನ ಗಣಿಯನ್ನಾಗಿ ಮಾಡಿಕೊಂಡಿದ್ದನು. ಮುರಿದ ಗಾಡಿಯ ಚಕ್ರದ ಪಟ್ಟೆ ಕುಡುಗೋಲಾಯಿತು. ಸವೆದ ಗುಳ ಕಳೆಗುದ್ದಲಿಯಾಯಿತು. ಲಾರಿಗಳು ಬಂದ ಮೇಲೆ ಅವುಗಳ ಕಮಾನುಪಟ್ಟಿ ಮಚ್ಚಾಯಿತು. ಆದುದರಿಂದ ಹಳೆಯ ಲೋಹವನ್ನು ಹೊಸ ಅಲಗನ್ನಾಗಿ ಮಾಡುವ ನಿಮ್ಮ ಯೋಜನೆ ಯಾವುದೋ ಪರದೇಶದ ವಿನೋದವಲ್ಲ, ತಲೆಮಾರುಗಳಿಂದ ಈ ಊರುಗಳ ಆಚಾರಿಗಳು ಸದ್ದಿಲ್ಲದೆ ನಡೆಸಿಕೊಂಡು ಬಂದ ಕೆಲಸ. ಅವರಿಗೆ ಸುಗ್ಗಿಯ ಕಣದಲ್ಲಿ ರಾಗಿಯ ಆಯ ಸಿಕ್ಕುತ್ತಿತ್ತು. ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ಕಮ್ಮಾರನೂ ಒಬ್ಬನಾಗಿದ್ದನು. ಟ್ರ್ಯಾಕ್ಟರು ಬಂದು ಗುಳ ತಟ್ಟಿಸುವವರಿಲ್ಲದಂತಾದಾಗ ಆಯವೂ ಹೋಯಿತು, ಕುಲುಮೆಗಳೂ ಒಂದೊಂದಾಗಿ ತಣ್ಣಗಾದುವು. ಆಯದ ಪದ್ಧತಿಯಲ್ಲಿ ಅನ್ಯಾಯಗಳಿರಲಿಲ್ಲವೆಂದು ನಾನು ಹೇಳಲಾರೆ. ಕಮ್ಮಾರನ ಕೈಯಲ್ಲಿ ವರ್ಷವೆಲ್ಲ ದುಡಿಸಿಕೊಂಡು ಕಣದಲ್ಲಿ ಮೊರ ಅಳ್ಳಾಡಿಸಿದ ಗೌಡರನ್ನು ಕಂಡವರು ಈಗಲೂ ಬದುಕಿದ್ದಾರೆ. ಆದರೂ ಆ ಪದ್ಧತಿಯಲ್ಲಿ ಒಂದು ಗುಣವಿತ್ತು: ಬಾಯಿ ಮುರಿದ ಕುಡುಗೋಲನ್ನು ಹಿಡಿದು ರೈತನು ಮರುದಿನವೇ ಕುಲುಮೆಯ ಮುಂದೆ ಬಂದು ನಿಲ್ಲುತ್ತಿದ್ದನಾದ್ದರಿಂದ, ಕೆಟ್ಟ ಹದವನ್ನು ಕೊಟ್ಟು ತಪ್ಪಿಸಿಕೊಳ್ಳಲು ಕಮ್ಮಾರನಿಗೆ ದಾರಿಯಿರಲಿಲ್ಲ.

ಇನ್ನು ಲೋಹದ ವಿಚಾರ. ಗುಜರಿ ಅಂಗಡಿಯ ರಾಶಿಯಲ್ಲಿ ಎಲ್ಲವೂ ಒಂದೇ ಬಣ್ಣದ ತುಕ್ಕಿನಿಂದ ಮುಚ್ಚಿಕೊಂಡು ಒಂದೇ ಜಾತಿಯಂತೆ ತೋರುವುದು ಸಹಜ. ಆದರೆ ಅದರೊಳಗೆ ಚಾಕುವಾಗಬಲ್ಲುದು ಸ್ವಲ್ಪ, ಆಗಲಾರದ್ದೇ ಬಹಳ. ಮನೆಯ ತಾರಸಿಗೆ ಹಾಕಿ ಉಳಿದ ಕಂಬಿಯ ತುಂಡುಗಳಲ್ಲಿ ಇಂಗಾಲದ ಅಂಶ ನೂರಕ್ಕೆ ಕಾಲು ಭಾಗದಷ್ಟೋ ಅದಕ್ಕೂ ಕಡಿಮೆಯೋ ಇರುವುದರಿಂದ, ಅದನ್ನು ಎಷ್ಟು ಕಾಯಿಸಿ ಎಷ್ಟು ಸಲ ಮುಳುಗಿಸಿದರೂ ಅದು ಗಡಸಾಗದು. ಅದರಿಂದ ಮಾಡಿದ ಚಾಕು ಹೊಸದರಲ್ಲಿ ಹೊಳೆದು, ಒಂದು ಬುಟ್ಟಿ ಬದನೆಕಾಯಿಯನ್ನು ಹೆಚ್ಚುವಷ್ಟರಲ್ಲಿ ಮೊಂಡಾಗುತ್ತದೆ. ಲಾರಿಯ ಕಮಾನುಪಟ್ಟಿಯಲ್ಲಾದರೋ ಇಂಗಾಲ ನೂರಕ್ಕೆ ಅರ್ಧದಿಂದ ಆರು ದಶಾಂಶದವರೆಗೆ ಇದ್ದು, ಗಡಸಿಗೂ ಬಾಗಿಗೂ ಎರಡಕ್ಕೂ ಒಗ್ಗುವ ಸ್ವಭಾವದ್ದು. ಮಚ್ಚಿಗೂ ಕುಡುಗೋಲಿಗೂ ಅದಕ್ಕಿಂತ ಉತ್ತಮವಾದುದನ್ನು ನೀವು ಹುಡುಕಬೇಕಾಗಿಲ್ಲ. ಹಳೆಯ ಅರಗಳಲ್ಲಿ ಇಂಗಾಲ ನೂರಕ್ಕೆ ಒಂದನ್ನು ಮೀರಿರುವುದರಿಂದ ಅಡಿಗೆಯ ಸಣ್ಣ ಚಾಕುವಿಗೆ ಅವು ಬಹಳ ಚೆನ್ನ. ಆದರೆ ಅರದ ಹಲ್ಲುಗಳನ್ನು ಮೊದಲೇ ಸಾಣೆಯಲ್ಲಿ ಸವೆಸಿ ತೆಗೆಯದೆ ಬಡಿದರೆ, ಹಲ್ಲಿನ ಗೀರುಗಳೆಲ್ಲ ಮಡಿಕೆಗಳಾಗಿ ಒಳಗೆ ಸೇರಿ, ಮುಂದೆ ಎಂದೋ ಒಂದು ದಿನ ಅಲಗು ಅಲ್ಲಿಯೇ ಸೀಳುತ್ತದೆ. ಬೇರಿಂಗಿನ ಉಕ್ಕು ಉತ್ಕೃಷ್ಟವಾದುದೆಂಬುದು ನಿಜ. ಅದರಲ್ಲಿ ಇಂಗಾಲ ಒಂದು ಭಾಗ, ಕ್ರೋಮಿಯಂ ಒಂದೂವರೆ ಭಾಗ. ಆದರೆ ಅದು ಸುತ್ತಿಗೆಗೆ ಸುಲಭವಾಗಿ ಮಣಿಯುವುದಿಲ್ಲ, ಕಾವು ತುಸು ಹೆಚ್ಚಾದರೂ ಕಡಿಮೆಯಾದರೂ ಬಿರಿಯುತ್ತದೆ. ಹೊಸಬರು ಅದನ್ನು ಕೆಲಕಾಲ ದೂರವಿಡುವುದು ಲೇಸು. ರೋಟವೇಟರಿನ ಸವೆದ ಅಲಗುಗಳು ನಮ್ಮ ಊರುಗಳಲ್ಲಿ ಈಗ ಹೇರಳವಾಗಿ ಬಿದ್ದಿರುತ್ತವೆ. ಅವುಗಳ ಜಾತಿ ಒಂದು ಕಂಪನಿಗೊಂದು ಬಗೆಯಾದ್ದರಿಂದ ಪರೀಕ್ಷಿಸದೆ ನೆಚ್ಚಬೇಡಿರಿ.

ಪರೀಕ್ಷೆಯ ಕ್ರಮ ಕಷ್ಟದ್ದಲ್ಲ. ಸಾಣೆಯ ಚಕ್ರಕ್ಕೆ ಒಡ್ಡಿದಾಗ ಮೆದುಕಬ್ಬಿಣದ ಕಿಡಿ ಉದ್ದನೆಯ ಗೆರೆಯಾಗಿ ಹಾರಿ ಸುಮ್ಮನೆ ನಂದಿಹೋಗುತ್ತದೆ. ಇಂಗಾಲವುಳ್ಳ ಉಕ್ಕಿನ ಕಿಡಿ ತುದಿಯಲ್ಲಿ ಕವಲೊಡೆದು ನಕ್ಷತ್ರಗಳಾಗಿ ಸಿಡಿಯುತ್ತದೆ. ಇದರಿಂದ ತೃಪ್ತಿಯಾಗದವರು ಬೆರಳುದ್ದದ ಒಂದು ತುಂಡನ್ನು ಕೆಂಪಗೆ ಕಾಯಿಸಿ, ಅಯಸ್ಕಾಂತ ಅದನ್ನು ಹಿಡಿಯದಂತಾಗುವವರೆಗೆ, ಎಂದರೆ ಸುಮಾರು 770 ಡಿಗ್ರಿ ಸೆಂಟಿಗ್ರೇಡಿನವರೆಗೆ ಏರಿಸಿ, ಅಲ್ಲಿಂದ ಇನ್ನು ಸ್ವಲ್ಪ ಮೇಲೆ ಕೊಂಡೊಯ್ದು ಎಣ್ಣೆಯಲ್ಲಿ ಮುಳುಗಿಸಿ, ಆರಿದ ಮೇಲೆ ಇಕ್ಕಳದಲ್ಲಿ ಹಿಡಿದು ಸುತ್ತಿಗೆಯಿಂದ ಒಂದು ಪೆಟ್ಟು ಕೊಡಲಿ. ಬಾಗಿದರೆ ಅದು ನಿಮ್ಮ ಕೆಲಸಕ್ಕಲ್ಲ. ಮುರಿದರೆ, ಮುರಿದ ಬಾಯನ್ನು ಬಿಸಿಲಿಗೆ ಹಿಡಿದು ನೋಡಿರಿ. ದಪ್ಪರವೆಯಂತೆ ಹರಳು ಹರಳಾಗಿ ಮಿನುಗಿದರೆ ಕಾವು ಮಿತಿಮೀರಿತೆಂದು ತಿಳಿಯಿರಿ. ನುಣ್ಣಗೆ, ಬೂದುಬಣ್ಣವಾಗಿ, ಹೊಳಪಿಲ್ಲದೆ ಇದ್ದರೆ ಉಕ್ಕೂ ಸರಿ, ನಿಮ್ಮ ಕಾವೂ ಸರಿ.

ಕಮಾನುಪಟ್ಟಿಯ ವಿಚಾರದಲ್ಲಿ ಇನ್ನೊಂದು ಮಾತು ಉಂಟು. ಅದು ಗುಜರಿಗೆ ಬಂದದ್ದಾದರೂ ಏಕೆ? ಭಾರ ಹೊತ್ತು ಹೊತ್ತು ಒಳಗೇ ಬಿರುಕುಬಿಟ್ಟದ್ದರಿಂದಲೇ ಎಷ್ಟೋ ಪಟ್ಟಿಗಳು ಲಾರಿಯಿಂದ ಇಳಿಯುತ್ತವೆ. ಆ ಬಿರುಕು ತಣ್ಣಗಿರುವಾಗ ಕಣ್ಣಿಗೆ ಬೀಳದು. ಪಟ್ಟಿಯನ್ನು ಕಿತ್ತಳೆಬಣ್ಣಕ್ಕೆ ಕಾಯಿಸಿ ಹೊರಗೆಳೆದು ನೆರಳಿನಲ್ಲಿ ಹಿಡಿದಾಗ, ಬೆಳಗುವ ಮೈಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪುಗೆರೆಯೊಂದು ಕಂಡರೆ, ಆ ಭಾಗವನ್ನು ಉಳಿಯಿಂದ ಕಡಿದು ಎಸೆಯಿರಿ, ಆಸೆಬುರುಕರಾಗಬೇಡಿರಿ. ದಪ್ಪ ಪಟ್ಟಿಗಿಂತ ತೆಳ್ಳನೆಯದನ್ನೇ ಆರಿಸಿಕೊಳ್ಳಿರಿ. ಅರ್ಧ ಅಂಗುಲ ದಪ್ಪದ ಪಟ್ಟಿಯನ್ನು ಚಾಕುವಿನ ತೆಳುವಿಗೆ ತರುವಷ್ಟರಲ್ಲಿ ಇದ್ದಲೂ ತೀರುತ್ತದೆ, ರಟ್ಟೆಯೂ ಸೋಲುತ್ತದೆ. ಜೀಪಿನ ಪಟ್ಟಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟರೂ ಅದೇ ಅಗ್ಗ.

ಕೆಲವು ವಸ್ತುಗಳನ್ನು ಬೆಂಕಿಯ ಹತ್ತಿರಕ್ಕೂ ಸೇರಿಸಬಾರದು. ಸತುವಿನ ಲೇಪವಿರುವ ಕೊಳವೆ, ಬಕೆಟ್ಟು, ತಗಡುಗಳನ್ನು ಕುಲುಮೆಗೆ ಹಾಕಿದರೆ ಬಿಳಿಯ ಹೊಗೆಯೆದ್ದು, ಅದನ್ನು ಕುಡಿದವನು ರಾತ್ರಿ ಚಳಿಜ್ವರದಿಂದ ನಡುಗುತ್ತಾನೆ. ವಾಹನದ ಷಾಕ್ ಅಬ್ಸಾರ್ಬರಿನಂಥ ಎರಡು ಬಾಯಿಯೂ ಮುಚ್ಚಿದ ಕೊಳವೆ ಬೆಂಕಿಯಲ್ಲಿ ಸಿಡಿಗುಂಡಾಗುತ್ತದೆ. ರೈಲಿನ ಕಂಬಿಯ ತುಂಡು ಅಡಿಗಲ್ಲಾಗಿ ಬಹಳ ಸೊಗಸಾಗಿ ನಿಲ್ಲುತ್ತದೆಂಬುದನ್ನು ಬಲ್ಲೆ. ಶಿಡ್ಲಘಟ್ಟದ ಮೂಲಕ ರೈಲುದಾರಿ ಹಾದುಹೋಗಿರುವುದನ್ನೂ ಬಲ್ಲೆ. ಆದರೆ ರೈಲ್ವೆಯ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಂಡವರಿಗೆ 1966ರ ಕಾಯಿದೆಯೊಂದರ ಪ್ರಕಾರ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು, ಮತ್ತು ಅದು ತಮಗೆ ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ಇಟ್ಟುಕೊಂಡವರ ಮೇಲೆಯೇ ಬೀಳುತ್ತದೆ. ಹರಾಜಿನಲ್ಲಿ ಕೊಂಡ ವ್ಯಾಪಾರಿಯಿಂದ ರಸೀತಿಯೊಡನೆ ತನ್ನಿರಿ, ಇಲ್ಲವೇ ಅದರ ಆಸೆ ಬಿಡಿರಿ.

ಇನ್ನು ಹದ. ಇದನ್ನು ಬರೆದು ತಿಳಿಸುವುದು ಅಸಾಧ್ಯವೆಂದು ಗೊತ್ತಿದ್ದೂ, ನಮ್ಮ ಕಡೆಯ ಒಬ್ಬ ವೃದ್ಧ ಆಚಾರಿಗಳು ಹಿಪ್ಪುನೇರಳೆಯ ಕುಡುಗೋಲಿಗೆ ಪಾನ ಹಾಕುವುದನ್ನು, ಎಂದರೆ ಹದ ಕೊಡುವುದನ್ನು, ನಾನು ನೋಡಿರುವಂತೆಯೇ ಬರೆಯುತ್ತೇನೆ. ಅವರು ಆ ಕೆಲಸವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಮಾಡುವವರಲ್ಲ. ಕೆಂಪಿನ ಮಟ್ಟವನ್ನು ಅಳೆಯಲು ಕಣ್ಣಿಗೆ ಮಬ್ಬು ಬೇಕೆಂದು ಹೊತ್ತು ಇಳಿಯುವವರೆಗೆ ಅದನ್ನು ಬದಿಗಿಟ್ಟು, ಕಿಟಕಿಗೆ ಗೋಣಿ ಇಳಿಬಿಟ್ಟು, ಬಳ್ಳಾರಿಜಾಲಿಯ ಇದ್ದಲನ್ನು ಅಡಿಕೆಯ ಗಾತ್ರಕ್ಕೆ ಒಡೆದು ಹರಡಿ, ಮೊಮ್ಮಗನ ಕೈಗೆ ಗಾಳಿಯಂತ್ರದ ಹಿಡಿಕೆ ಕೊಟ್ಟು, ಅಲಗಿನ ಬೆನ್ನು ಕೆಳಗಾಗಿ ಬಾಯಿ ಮೇಲಾಗಿ ಬೆಂಕಿಯಲ್ಲಿ ಮಲಗಿಸುವರು. ಬೆನ್ನು ಕೆಂಪಾಗಿ, ಆ ಕೆಂಪು ನಿಧಾನವಾಗಿ ಬಾಯಿಗೆ ಹರಿದು, ಅಲಗೆಲ್ಲ ಒಂದೇ ಬಣ್ಣಕ್ಕೆ ಬಂದೊಡನೆ ಅದನ್ನು ಎತ್ತಿ, ಬಾಯಿಯ ಭಾಗವನ್ನು ಮಾತ್ರ ಒಂದು ಬೆರಳಗಲ ನೀರಿಗೆ ಮುಟ್ಟಿಸಿ ಹಿಂದೆ ಮುಂದೆ ಆಡಿಸುವರು. ಬೆನ್ನು ಇನ್ನೂ ಕೆಂಪಾಗಿಯೇ ಇರುತ್ತದೆ. ಕೂಡಲೇ ಹೊರತೆಗೆದು ಮರಳುಗಲ್ಲಿನ ಚೂರಿನಿಂದ ಬಾಯಿಯನ್ನು ಎರಡು ಸಲ ಉಜ್ಜಿ ಬೆಳ್ಳಗೆ ಮಾಡುವರು. ಅಲ್ಲಿಂದ ಮುಂದೆ ಯಾರೂ ಮಾತಾಡುವಂತಿಲ್ಲ. ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆಗೆ ನಡೆಯುತ್ತ ಬರುವಾಗ, ಬೆಳ್ಳಗೆ ಉಜ್ಜಿದ ಆ ಅಂಚಿನ ಮೇಲೆ ಮೊದಲು ಒಣಹುಲ್ಲಿನ ತೆಳುಹಳದಿ, ಅದರ ಹಿಂದೆಯೇ ಕಂದು, ಅದರ ಹಿಂದೆ ನೇರಳೆ, ಕೊನೆಗೆ ನೀಲಿ, ಹೀಗೆ ಬಣ್ಣಗಳು ಒಂದನ್ನೊಂದು ಅಟ್ಟಿಕೊಂಡು ಬರುತ್ತವೆ. ಕುಡುಗೋಲನ್ನು ಹಳದಿ ಮುಟ್ಟಿದಾಗಲೇ ಮುಳುಗಿಸಿದರೆ ಗಡಸು ಹೆಚ್ಚಾಗಿ ಬಾಯಿ ಚಕ್ಕೆ ಏಳುವುದು. ನೀಲಿಯವರೆಗೆ ಬಿಟ್ಟರೆ ಮೆತ್ತಗಾಗಿ ಬಾಯಿ ಮಡಚುವುದು. ಅಡಿಗೆಯ ಚಾಕುವಿಗೆ ಹಳದಿ, ಸೊಪ್ಪಿನ ಕುಡುಗೋಲಿಗೆ ಕಂದು, ಕಟ್ಟಿಗೆಯ ಮಚ್ಚಿಗೆ ನೇರಳೆ. ಆ ಬಣ್ಣ ಅಂಚನ್ನು ಮುಟ್ಟಿದ ಕ್ಷಣದಲ್ಲಿ ಆಚಾರಿಗಳು ಇಡಿಯ ಅಲಗನ್ನು ನೀರಿಗೆ ಇಳಿಬಿಟ್ಟು, ಆಮೇಲೆ ಎಲೆ ಅಡಿಕೆಗೆ ಕೈ ನೀಡುವರು.

ಇದೇ ಕೆಲಸವನ್ನು ಈಗಿನವರು ಬೇರೆ ಕ್ರಮದಿಂದ ಮಾಡುತ್ತಾರೆ: ಅಲಗನ್ನು ಬೆಚ್ಚಗಿನ ಎಣ್ಣೆಯಲ್ಲಿ ಪೂರ್ಣವಾಗಿ ಮುಳುಗಿಸಿ ಗಡಸು ಮಾಡಿ, ಬಳಿಕ 200 ಡಿಗ್ರಿಯ ಆಸುಪಾಸಿನಲ್ಲಿ ಓವನ್ನಿನೊಳಗೆ ಎರಡು ಗಂಟೆ ಇಟ್ಟು ಇಳಿಸುತ್ತಾರೆ. ಕಮಾನುಪಟ್ಟಿಯ ಉಕ್ಕಿಗೆ ನೀರಿಗಿಂತ ಎಣ್ಣೆಯೇ ಕ್ಷೇಮ, ಬಿರುಕಿನ ಭಯ ಕಡಿಮೆ. ಎಂಜಿನ್ನಿನಿಂದ ಇಳಿಸಿದ ಕರಿಯೆಣ್ಣೆಯ ಹೊಗೆ ವಿಷವಾದ್ದರಿಂದ ಅದರ ಬದಲು ಕಡಲೆಕಾಯಿಯ ಎಣ್ಣೆಯನ್ನೋ ಹೊಂಗೆಯೆಣ್ಣೆಯನ್ನೋ ಬಳಸಿರಿ. ಎರಡು ಕ್ರಮಗಳಲ್ಲಿ ಯಾವುದು ಶ್ರೇಷ್ಠವೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಓವನ್ನಿನ ಮುಳ್ಳನ್ನು ನಂಬಿ ಬಣ್ಣವನ್ನು ನೋಡಲು ಕಲಿಯದವನು, ಕರೆಂಟು ಹೋದ ದಿನ ಕೈಕಟ್ಟಿ ಕೂರಬೇಕಾಗುತ್ತದೆ. ನಮ್ಮ ಊರುಗಳ ಕರೆಂಟಿನ ಸಂಗತಿ ನಿಮಗೆ ತಿಳಿಯದುದಲ್ಲ.

ಏನನ್ನು ಮಾಡಿ ಮಾರುವಿರಿ ಎಂಬುದಕ್ಕೆ ಬರೋಣ. ನಿಮ್ಮಲ್ಲಿ ಕೆಲವರು ಮಾಡಿದ ಮೊದಲ ಮಾದರಿಗಳನ್ನು ನೋಡಿದೆ. ಕೆಲಸದಲ್ಲಿ ಶ್ರದ್ಧೆಯಿದೆ, ಸಂದೇಹವಿಲ್ಲ. ಆದರೆ ಎರಡು ಕಡೆ ಬಾಯಿ, ಮೇಲೆ ಗರಗಸದ ಹಲ್ಲು, ಮೊನೆಗೆ ಕೊಕ್ಕೆ, ಹಿಡಿಗೆ ತಲೆಬುರುಡೆ. ಚಲನಚಿತ್ರದ ಖಳನಾಯಕನ ಹೊರತು ಇದನ್ನು ಕೊಳ್ಳುವವರಾರು? ಕೊಂಡರೂ ಅದರಿಂದ ಅವನು ಮಾಡುವುದೇನು? 1959ರ ಆಯುಧ ಕಾಯಿದೆಯೂ ಅದರಡಿಯ 2016ರ ನಿಯಮಗಳೂ, ಒಂಬತ್ತು ಅಂಗುಲಕ್ಕಿಂತ ಉದ್ದನೆಯ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಳ್ಳ ಕತ್ತಿ, ಬಾಕು, ಚೂರಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿ, ಗೃಹಕೃತ್ಯಕ್ಕಾಗಿಯೂ ವ್ಯವಸಾಯಕ್ಕಾಗಿಯೂ ಮಾಡಿದವುಗಳನ್ನು ಅದರಿಂದ ಹೊರಗಿಟ್ಟಿವೆ. ಎಂದರೆ ನಿಮ್ಮ ಮಚ್ಚು ಕಟ್ಟಿಗೆ ಕಡಿಯುವ ಮಚ್ಚಾಗಿಯೇ ಕಾಣಬೇಕು, ಬಿಲ್ಲಿನಲ್ಲಿ ಹಾಗೆಯೇ ಬರೆದಿರಬೇಕು, ಕೊಂಡವನ ಹೆಸರು ನಿಮ್ಮ ಪುಸ್ತಕದಲ್ಲಿ ಇರಬೇಕು; ಹದಿಹರೆಯದ ಹುಡುಗನೊಬ್ಬನು ಸಂಜೆಯ ಹೊತ್ತಿನಲ್ಲಿ ಬಂದು ಬೆಲೆಯನ್ನೂ ಕೇಳದೆ ಮಚ್ಚು ಬೇಕೆಂದರೆ, ಇಲ್ಲವೆಂದು ಹೇಳುವ ಧೈರ್ಯ ನಿಮಗಿರಬೇಕು. ಕೊಡಗಿನವರ ಪೀಚೆಕತ್ತಿ ಒಡಿಕತ್ತಿಗಳ ಮಾತು ಬೇರೆ. ಅವುಗಳ ಹಿಂದೆ ಒಂದು ಜನದ ಆಚಾರವೇ ನಿಂತಿದೆ. ನಮ್ಮ ಬಯಲುಸೀಮೆಯಲ್ಲಿ ಅಲಗು ಎಂದರೆ ಹೊಟ್ಟೆಯ ಪಾಡು.

ಗಿರಾಕಿ ದೂರದಲ್ಲಿಲ್ಲ. ನಿಮ್ಮ ಕುಲುಮೆಯ ಸುತ್ತ ಒಂದು ಗಾವುದದೊಳಗೆ ಎಷ್ಟು ಎಕರೆ ಹಿಪ್ಪುನೇರಳೆ ಇದೆಯೆಂಬುದನ್ನು ಕಣ್ಣೆತ್ತಿ ನೋಡಿರಿ. ಹಿಂದೆ ಎಲೆ ಬಿಡಿಸಿ ಹಾಕುತ್ತಿದ್ದೆವು. ಚಾಕಿ ಎಂಬ ಮರಿಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚುವ ಚಾಕು ಪ್ರತಿ ಮನೆಯಲ್ಲಿಯೂ ಇರುತ್ತಿತ್ತು. ಈಗ ಬಹುಮಂದಿ ಎರಡನೆಯ ಜ್ವರ ಎದ್ದ, ಎಂದರೆ ಎರಡನೆಯ ಸಲ ಪೊರೆ ಕಳಚಿದ, ಹುಳುವನ್ನೇ ಚಾಕಿ ಕೇಂದ್ರದಿಂದ ಕೊಂಡು ತಂದು, ವಿ-1 ತಳಿಯ ಹೆಬ್ಬೆರಳು ದಪ್ಪದ ಕಡ್ಡಿಗಳನ್ನು ಬುಡಕ್ಕೆ ಕೊಯ್ದು ಹಾಗೆಯೇ ಹಾಸುತ್ತೇವೆ. ನೀರಿನ ಅನುಕೂಲವುಳ್ಳವರು ವರ್ಷಕ್ಕೆ ಐದು ಬೆಳೆಯವರೆಗೆ ತೆಗೆಯುತ್ತಾರೆ. ಐದು ಸಲ ಬುಡ ಕೊಯ್ಯಿಸಿಕೊಳ್ಳುವ ಗಿಡಕ್ಕೆ ಕುಡುಗೋಲಿನ ಬಾಯಿ ಜೀವನ್ಮರಣದ ಪ್ರಶ್ನೆ. ಹರಿತವಾದ ಅಲಗು ಒಂದೇ ಎಳೆತಕ್ಕೆ ಓರೆಯಾಗಿ ನುಣ್ಣಗೆ ಕೊಯ್ದರೆ ಚಿಗುರು ಬೇಗ ಒಡೆಯುತ್ತದೆ. ಮೊಂಡು ಅಲಗು ಜಗ್ಗಿದರೆ ಕಡ್ಡಿ ಸೀಳಿ, ತೊಗಟೆ ಸುಲಿದು, ಆ ಗಾಯದಲ್ಲಿ ರೋಗ ಕೂರುತ್ತದೆ. ಸಂತೆಯಲ್ಲಿ ಸಿಕ್ಕುವ ತಗಡಿನಂಥ ಕುಡುಗೋಲು ಹಳೆಯ ತಳಿಯ ತೆಳುಕಡ್ಡಿಗೆ ಹೇಗೋ ಸಾಕಾಗುತ್ತಿತ್ತು. ಈ ಹೊಸ ಕಡ್ಡಿಗೆ ಸಾಲದು. ಬೆನ್ನು ತುಸು ದಪ್ಪವಾಗಿ, ಮೂಗು ಕಡಿಮೆ ಬಾಗಿ, ಹೆಂಗಸರ ಕೈಹಿಡಿತಕ್ಕೆ ಹೊಂದುವ ಸಣ್ಣ ಹಿಡಿಯುಳ್ಳ ಕುಡುಗೋಲನ್ನು ಯಾರಾದರೂ ಮಾಡಿಕೊಡುವರೇ ಎಂದು ನಾವು ಎಷ್ಟೋ ಕಾಲದಿಂದ ಕಾಯುತ್ತಿದ್ದೇವೆ. ತೋಟ ಕೊಯ್ಯುವವರಲ್ಲಿ ಹೆಚ್ಚಿನವರು ಹೆಂಗಸರೇ ಎಂಬುದನ್ನು ಕುಡುಗೋಲು ಮಾಡುವವರು ಏಕೋ ಇದುವರೆಗೆ ಗಮನಿಸಿಲ್ಲ.

ಹುಳುಮನೆಯ ಅಲಗಿಗೆ ಇನ್ನೊಂದು ಶತ್ರುವಿದೆ. ರೋಗ ಹಬ್ಬದಂತೆ ಮನೆಯನ್ನೂ ಸಾಮಾನನ್ನೂ ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯುತ್ತೇವಷ್ಟೆ. ಆ ನೀರು ತಾಗಿದ ಉಕ್ಕು ರಾತ್ರಿ ಬೆಳಗಾಗುವುದರೊಳಗೆ ತುಕ್ಕಿನಿಂದ ಕೆಂಪಾಗುತ್ತದೆ. ಆದ್ದರಿಂದ ಮಾರುವಾಗಲೇ, ತೊಳೆದ ಕೂಡಲೆ ಸಿಹಿನೀರಿನಲ್ಲಿ ಜಾಲಿಸಿ ಒರಸಿ ಹರಳೆಣ್ಣೆ ಸವರಬೇಕೆಂದು ಹೇಳಿಕೊಡಿರಿ. ಹೇಳದಿದ್ದರೆ ನಾವು ತುಕ್ಕು ಹಿಡಿಸಿಕೊಂಡು ನಿಮ್ಮನ್ನು ಬಯ್ಯುವೆವು.

ಇದಲ್ಲದೆ ರಾಗಿಯ ಕುಡುಗೋಲಿಗೆ ಕಕ್ಕು, ಎಂದರೆ ಸಣ್ಣ ಹಲ್ಲು, ಹಾಕುವವರಿಲ್ಲ. ಈಳಿಗೆಮಣೆಯ ಅಲಗು ಸವೆದರೆ ಬದಲಿಸಿಕೊಡುವವರಿಲ್ಲ. ಚಿಂತಾಮಣಿಯ ಕಡೆಯ ಟೊಮ್ಯಾಟೊ ತೋಟಗಳವರಿಗೂ ನಂದಿಯ ಕಡೆಯ ದ್ರಾಕ್ಷಿಯವರಿಗೂ ಬೇಕಾದ ಸಣ್ಣ ಬಾಗುಚಾಕು ದೂರದಿಂದಲೇ ಬರಬೇಕಾಗಿದೆ. ಹಿಡಿಗೆ ಮರವನ್ನು ಹುಡುಕಿಕೊಂಡು ಹೋಗಬೇಡಿರಿ. ಹಳೆಯ ತೋಟ ಕಿತ್ತವರ ಹಿತ್ತಿಲಲ್ಲಿ ಹಿಪ್ಪುನೇರಳೆಯ ಬೊಡ್ಡೆಗಳು ಒಲೆಗಾಗಿ ಕಾದಿರುತ್ತವೆ; ಹಾಕಿಯ ಕೋಲು ಮಾಡಲು ಬಳಸುವಷ್ಟು ಗಟ್ಟಿಯೂ ಸ್ಥಿತಿಸ್ಥಾಪಕವೂ ಆದ ಮರವದು. ಒಣಗಿದ ಬೊಡ್ಡೆಯಿಂದ ಹಿಡಿ ಕೆತ್ತಿ, ಅಲಗಿನ ಬಾಲವನ್ನು ಕಾಯಿಸಿ ಅದರೊಳಗೆ ಇಳಿಸಿ, ಅರಗು ತುಂಬಿ, ಹಿತ್ತಾಳೆಯ ಬಳೆ ತೊಡಿಸಿದರೆ, ನಮ್ಮ ಗಿಡವನ್ನು ಕೊಯ್ಯುವ ಕುಡುಗೋಲಿಗೆ ನಮ್ಮ ಗಿಡದ್ದೇ ಹಿಡಿಯಾಯಿತು.

ಬೆಲೆಯ ವಿಚಾರದಲ್ಲಿ ಸ್ಪಷ್ಟವಾಗಿಯೇ ಹೇಳುತ್ತೇನೆ. ಮಧ್ಯಪ್ರದೇಶದ ಕಡೆಯಿಂದ ಸಂಸಾರಸಮೇತ ಬಂದು ನಮ್ಮ ಊರುಗಳ ರಸ್ತೆಬದಿಯಲ್ಲಿ ಗುಡಾರ ಹಾಕಿ, ಗಂಡಸು ಇಕ್ಕಳದಲ್ಲಿ ಹಿಡಿದ ಕಾದ ಪಟ್ಟಿಯ ಮೇಲೆ ಹೆಂಗಸು ಚಮ್ಮಟಿಗೆ ಎತ್ತಿ ಹೊಡೆಯುವ ಕಮ್ಮಾರರನ್ನು ನೀವು ನೋಡಿದ್ದೀರಿ. ಅವರ ಮಚ್ಚಿನ ಬೆಲೆಗೆ ನಿಮ್ಮ ಮಚ್ಚನ್ನು ಮಾರಲು ಹೊರಟರೆ ನೀವು ಉಳಿಯುವುದಿಲ್ಲ. ಅವರಿಗೆ ಮನೆಯ ಬಾಡಿಗೆಯಿಲ್ಲ, ಮಕ್ಕಳ ಶಾಲೆಯಿಲ್ಲ, ಅದು ಅವರ ಸುಖವಲ್ಲ, ಅವರ ದುಃಖ. ಕಾರ್ಖಾನೆಯ ಹೊಳೆಯುವ ಚಾಕುವಿನೊಡನೆ ಸ್ಪರ್ಧಿಸುವುದಂತೂ ಕಮ್ಮಾರನ ಕೇರಿಯಲ್ಲಿ ಸೂಜಿ ಮಾರಿದಂತೆ. ನಿಮ್ಮ ಲೆಕ್ಕವನ್ನು ಬೇರೆಯಾಗಿ ಹಾಕಿರಿ: ಪಟ್ಟಿಯ ಬೆಲೆ ಎಲ್ಲಕ್ಕಿಂತ ಸಣ್ಣ ಬಾಬು, ಇದ್ದಲು ಅದಕ್ಕಿಂತ ದೊಡ್ಡದು, ಸಾಣೆಯ ಚಕ್ರವೂ ಉಜ್ಜುಕಾಗದವೂ ಇನ್ನೂ ದೊಡ್ಡವು, ಎಲ್ಲಕ್ಕಿಂತ ದೊಡ್ಡದು ನಿಮ್ಮ ಹೊತ್ತು. ಹಾಳಾದ ಅಲಗುಗಳ ಖರ್ಚನ್ನು ಸರಿಹೋದ ಅಲಗುಗಳು ಹೊರಬೇಕೆಂಬುದನ್ನು ಮರೆತವರೇ ಮೊದಲ ವರ್ಷದಲ್ಲಿ ಅಂಗಡಿ ಮುಚ್ಚುವವರು. ಹೀಗೆ ಲೆಕ್ಕ ಹಾಕಿದರೆ ನಿಮ್ಮ ಕುಡುಗೋಲು ಸಂತೆಯದಕ್ಕಿಂತ ಎರಡು ಮೂರು ಪಾಲು ದುಬಾರಿಯಾಗುವುದು. ಆಗಲಿ. ಪ್ರತಿಯೊಂದು ಅಲಗಿನ ಬುಡದಲ್ಲಿ ನಿಮ್ಮದೊಂದು ಗುರುತನ್ನು ಒತ್ತಿರಿ. ಬಾಯಿ ಮಡಚಿದರೆ ಅಥವಾ ಚಕ್ಕೆಯೆದ್ದರೆ ಮರುಮಾತಿಲ್ಲದೆ ಬದಲಿಸಿಕೊಡುವೆವೆಂದು ಬರೆದುಕೊಡಿರಿ. ಬೆಳೆಗೊಂದು ಸಲ, ಕೊಯ್ಲಿಗೆ ಮುಂಚೆ, ಸಾಣೆ ಹಿಡಿದುಕೊಡಲು ತೋಟಗಳಿಗೇ ಬನ್ನಿರಿ. ಕುಡುಗೋಲನ್ನು ಮಾರುವುದು ಒಂದೇ ಸಲ. ಸಾಣೆಯ ಕೂಲಿ ವರ್ಷಕ್ಕೆ ಐದು ಸಲ. ನನ್ನ ಅಭಿಪ್ರಾಯದಲ್ಲಿ ನಿಮ್ಮ ನಿಜವಾದ ಆದಾಯ ಅದರಲ್ಲಿಯೇ ಇದೆ, ಆಯವೆಂಬ ಹಳೆಯ ಏರ್ಪಾಡು ಯಾರ ಮುಲಾಜೂ ಇಲ್ಲದೆ ಹೊಸ ವೇಷದಲ್ಲಿ ಬರಲು ದಾರಿಯೂ ಅದೇ.

ಸರ್ಕಾರದ ಸಹಾಯದ ಮಾತನ್ನು ಕೇಳಿರುವಿರಿ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಐದರಿಂದ ಏಳು ದಿನಗಳ ಮೊದಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ, ಶೇಕಡ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದವರಿಗೆ ಮತ್ತೆ ಎರಡು ಲಕ್ಷದವರೆಗೆ ಸಾಲ. ಮನೆಗೆ ಒಬ್ಬರಂತೆ, ಆ ಕಸುಬನ್ನು ಆಗಲೇ ಕೈಯಿಂದ ಮಾಡುತ್ತಿರುವವರಿಗೆ, ಪಂಚಾಯಿತಿಯ ಪರಿಶೀಲನೆಯಾದ ಮೇಲೆ. ಅರ್ಹರಾದವರು ಅವಶ್ಯವಾಗಿ ಅರ್ಜಿ ಹಾಕಿರಿ. ಆದರೆ ಒಂದು ವಾರದಲ್ಲಿ ಬಣ್ಣವನ್ನು ಓದಲು ಬರುವುದಿಲ್ಲ, ಮತ್ತು ಹದ ಕೈಗೆ ಹತ್ತುವುದಕ್ಕೆ ಮುಂಚೆ ಒಂದು ಲಕ್ಷ ಸಾಲ ಮಾಡಿ ಯಂತ್ರದ ಸುತ್ತಿಗೆ ತಂದು ನಿಲ್ಲಿಸಿದರೆ, ಕೆಟ್ಟ ಅಲಗುಗಳನ್ನು ಬೇಗ ಬೇಗ ಮಾಡುವ ಅನುಕೂಲವೊಂದೇ ಒದಗುವುದು.

ಬಣ್ಣ ಓದುವುದನ್ನು ಕಲಿಯಲು, ನಾನು ಮೇಲೆ ಹೇಳಿದ ಆ ವೃದ್ಧ ಆಚಾರಿಗಳ ಬಳಿಗೆ ಹೋಗಿರಿ. ಅವರು ಮೊದಲ ದಿನ ಮಾತಾಡದೆ ಇರಬಹುದು. ತೆಲುಗಿನಲ್ಲಿ ಒಂದೆರಡು ಕಟುವಾದ ಮಾತನ್ನು ಆಡಲೂಬಹುದು. ತಮ್ಮ ಮಕ್ಕಳೇ ಬೇಡವೆಂದು ಬಿಟ್ಟುಹೋದ ವಿದ್ಯೆಯನ್ನು ಬೇರೆ ಮನೆತನದವರು, ಅದರಲ್ಲಿಯೂ ಹೆಣ್ಣುಮಕ್ಕಳು, ಕೇಳಿಕೊಂಡು ಬಂದರೆ ಅವರಿಗೆ ಮೊದಲು ಸಂಶಯವೇ ಹುಟ್ಟುವುದು ಸಹಜ. ಕುಲುಮೆಯ ಬೂದಿ ತೆಗೆಯುವ ಕೆಲಸದಿಂದ ಆರಂಭಿಸಿರಿ, ಮತ್ತು ಅವರಿಗೆ ತಿಂಗಳಿಗಿಷ್ಟೆಂದು ಗೌರವಧನವನ್ನು ನಿಮ್ಮಲ್ಲಿಯೇ ಚಂದಾ ಎತ್ತಿ ಕೊಡಿರಿ. ಗುರುದಕ್ಷಿಣೆಯನ್ನು ಮಾತಿನಲ್ಲಿ ತೀರಿಸುವ ಪದ್ಧತಿಯಿಂದಲೇ ನಮ್ಮ ಎಷ್ಟೋ ವಿದ್ಯೆಗಳು ಕೆಟ್ಟವು. ಕಣ್ಣಿಗೆ ಕನ್ನಡಕವಿಲ್ಲದೆ ಸಾಣೆಯ ಮುಂದೆ ಕೂರಬೇಡಿರಿ, ಪಾಲಿಯೆಸ್ಟರ್ ಬಟ್ಟೆ ತೊಟ್ಟು ಬೆಂಕಿಯ ಹತ್ತಿರ ನಿಲ್ಲಬೇಡಿರಿ. ಆಚಾರಿಗಳು ಇವೆರಡನ್ನೂ ಹೇಳಿಕೊಡಲಾರರು, ಅವರ ಕಾಲದಲ್ಲಿ ಇದ್ದದ್ದು ಹತ್ತಿಯ ಪಂಚೆ ಮತ್ತು ದೈವದ ಮೇಲಿನ ಭಾರ.

ನನ್ನ ತೋಟದ ಮುಂದಿನ ಕೊಯ್ಲು ದೀಪಾವಳಿಯ ಸುಮಾರಿಗೆ ಬರುವಂತಿದೆ. ಅದಕ್ಕೆ ನಾಲ್ಕು ಕುಡುಗೋಲುಗಳು ಬೇಕು: ಅಲಗು ಹಿಡಿಯಿಂದ ಮೂಗಿನವರೆಗೆ ಒಂದು ಗೇಣು, ಬೆನ್ನಿನ ದಪ್ಪ ಎರಡು ನಾಣ್ಯಗಳಷ್ಟು, ಬಾಯಿ ನುಣುಪಾದುದು, ಕಕ್ಕು ಬೇಡ. ಹಿಡಿಗಳಲ್ಲಿ ಮೂರು ಹೆಂಗಸರ ಕೈಯಳತೆಗೆ, ಒಂದು ನನ್ನ ಎಡಗೈಗೆ. ಬೊಡ್ಡೆ ನನ್ನ ಹಿತ್ತಿಲಿನಲ್ಲಿಯೇ ಬಿದ್ದಿದೆ, ಬಂದು ಕೊಂಡೊಯ್ಯಿರಿ. ಬೆಲೆಯನ್ನು ನೀವೇ ಹೇಳಿರಿ. ಅರ್ಧವನ್ನು ಮುಂಗಡವಾಗಿ ಕೊಡುತ್ತೇನೆ, ಉಳಿದರ್ಧವನ್ನು ಮೊದಲ ಸಾಲು ಕೊಯ್ದು ನೋಡಿದ ಮೇಲೆ.

ಇತಿ,
ನಿಮ್ಮ ಹಿತೈಷಿ,
ದಿಬ್ಬೂರಹಳ್ಳಿಯ ಕಡೆಯ ಒಬ್ಬ ಹಿಪ್ಪುನೇರಳೆ ಬೆಳೆಗಾರ